ತೊಡೆಯ ಸುತ್ತಳತೆ: ಟೇಪನ್ನು ಎಷ್ಟು ನಂಬಬಹುದು?

ಹಾಸನದಿಂದ ಅರಸೀಕೆರೆಗೆ ಹೋಗುವ ಹಾದಿಯಲ್ಲಿ ದುದ್ದ ಸಿಗುತ್ತದೆ. ಇದು ಆಲೂಗೆಡ್ಡೆ ಬೆಳೆಯುವ ಸೀಮೆ. ಕುಕ್ಕುರುಗಾಲಲ್ಲಿ ಕುಳಿತು, ಬಗ್ಗಿ, ಮೂಟೆ ಹೊತ್ತು ಬಾಳುವವರ ಸೀಮೆ. ಇಂತಹ ಕಡೆ ಮಂಡಿ ಕೆಟ್ಟಿತೆಂದರೆ ಬೇಸಾಯವೇ ನಿಂತಂತೆ. ಹಾಸನಕ್ಕೋ ಬೆಂಗಳೂರಿಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರಬಹುದು. ಆದರೆ ಅನಂತರದ ತಿಂಗಳುಗಟ್ಟಲೆ ಚೇತರಿಕೆ ನಡೆಯಬೇಕಾದುದು ಮನೆಯ ಜಗಲಿಯ ಮೇಲೆಯೇ. ಆಗ ಕೈಗೆ ಬರುವ ಸಾಧನ, ದರ್ಜಿಯ ಟೇಪು.

ಶಸ್ತ್ರಚಿಕಿತ್ಸೆಯಾದ ಕಾಲಿನ ತೊಡೆ ಬಡವಾಗುವುದು ಸಹಜ. ಮಂಡಿಚಿಪ್ಪಿನಿಂದ 10 ಅಥವಾ 15 ಸೆಂಟಿಮೀಟರು ಮೇಲೆ ಗುರುತು ಮಾಡಿ, ಎರಡು ಕಾಲುಗಳನ್ನೂ ಸುತ್ತಳೆದು, ವ್ಯತ್ಯಾಸ ಕಡಿಮೆಯಾದರೆ ಬಲ ಮರಳಿತೆಂದು ಮನೆಯವರು ಹಿಗ್ಗುತ್ತಾರೆ. ಈ ಹಿಗ್ಗಿಗೆ ಆಧಾರ ಬಹಳವಿಲ್ಲ.

ಟೇಪಿಗೆ ಮಾಂಸಖಂಡ, ಕೊಬ್ಬು, ಬಾವು ಎಂಬ ಭೇದ ತಿಳಿಯದು. ಬಾವು ಏರಿದಾಗ ಸೊರಗಿದ ತೊಡೆಯೂ ತುಂಬಿದಂತೆ ಕಾಣುತ್ತದೆ. ಲೆಕ್ಕವನ್ನೂ ನೋಡಿ: 50 ಸೆಂಟಿಮೀಟರು ಸುತ್ತಳತೆಯ ತೊಡೆ 48ಕ್ಕೆ ಇಳಿಯಿತೆನ್ನೋಣ. ನೂರಕ್ಕೆ ನಾಲ್ಕು ತಾನೇ ಎನ್ನಬಹುದು. ಆದರೆ ತೊಡೆಯನ್ನು ಗುಂಡಗೆಂದೇ ಭಾವಿಸಿದರೆ, ಅಡ್ಡ ಕೊಯ್ದ ಬಾಳೆದಿಂಡಿನ ಹಾಗೆ, ಒಳಗಿನ ವಿಸ್ತೀರ್ಣ ಸುಮಾರು 199 ಚದರ ಸೆಂಟಿಮೀಟರಿನಿಂದ 183ಕ್ಕೆ ಕುಸಿದಿರುತ್ತದೆ. ಮುಂದೊಡೆಯ ಮಾಂಸಖಂಡ 70 ಚದರ ಸೆಂಟಿಮೀಟರು ಇತ್ತೆಂದೂ, ನಷ್ಟವೆಲ್ಲ ಅದರದೇ ಎಂದೂ ಇಟ್ಟುಕೊಂಡರೆ, ಅದರ ಐದನೆಯ ಒಂದು ಪಾಲಿಗೂ ಹೆಚ್ಚು ಕರಗಿಹೋಗಿದೆ! ಟೇಪು ಈ ನಷ್ಟವನ್ನು ಕಡಿಮೆಯಾಗಿಯೇ ತೋರಿಸುತ್ತದೆಂಬುದನ್ನು 1980ರಷ್ಟು ಹಿಂದೆಯೇ ಅಲ್ಟ್ರಾಸೌಂಡ್ ಚಿತ್ರಗಳಿಂದ ಕಂಡುಕೊಳ್ಳಲಾಯಿತು.

ಗಾತ್ರವಿದ್ದ ಮಾತ್ರಕ್ಕೆ ಬಲವಿರಬೇಕೆಂಬ ನಿಯಮವೂ ಇಲ್ಲ. ಕೀಲಿನೊಳಗೆ ನೀರು ತುಂಬಿದಾಗ ನರಗಳೇ ತೊಡೆಯ ಸ್ನಾಯುವನ್ನು ತಡೆಹಿಡಿಯುತ್ತವೆ. ಆರೋಗ್ಯವಂತರ ಮಂಡಿಗೆ ಉಪ್ಪುನೀರು ಚುಚ್ಚಿ 1984ರಲ್ಲಿ ನಡೆಸಿದ ಪ್ರಯೋಗದಲ್ಲಿ, 20-30 ಮಿಲಿಲೀಟರು ಸೇರುತ್ತಲೇ ಒಳಬದಿಯ ಸ್ನಾಯು ಮಂದವಾಯಿತು.

ಹಾಗೆಂದು ಟೇಪನ್ನು ಬಿಸಾಡಬೇಕಾಗಿಲ್ಲ. ಅಳೆಯುವ ಕೈ ಒಂದೇ ಆಗಿರಲಿ. ಹಿಗ್ಗದ ಟೇಪು, ಶಾಯಿಯ ಗುರುತು, ಅದೇ ಹೊತ್ತು, ಮಲಗಿ ಸಡಿಲಬಿಟ್ಟ ಕಾಲು. ಇಂದು ಮಗ, ನಾಳೆ ಸೊಸೆ ಅಳೆದರೆ ಒಂದು ಸೆಂಟಿಮೀಟರಿನ ಏರಿಳಿತಕ್ಕೆ ಅರ್ಥವೇ ಇರದು. ಇನ್ನೊಂದು ಕಾಲೂ ಮಲಗಿದ್ದೇ ಸೊರಗಿರಬಹುದಾದುದರಿಂದ ಅದನ್ನು ಪೂರ್ತಿ ಮಾನದಂಡವೆನ್ನಲಾಗದು. ಮಂಡಿ ಮಡಿಸದೆ ಕಾಲೆತ್ತಲು ಬರುತ್ತದೆಯೇ, ಕೈಯೂರದೆ ಕುರ್ಚಿಯಿಂದ ಏಳಬಹುದೇ ಎಂಬುದನ್ನೂ ನೋಡಬೇಕು. ಹೊಲಕ್ಕಿಳಿಯುವ ದಿನವನ್ನು ಡಾಕ್ಟರು ನಿಶ್ಚಯಿಸಲಿ.

ಒಂದು ಸಂದರ್ಭದಲ್ಲಂತೂ ಟೇಪಿನ ಮಾತನ್ನು ಅಲಕ್ಷಿಸಕೂಡದು. ಮಂಡಿಯ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂಟಿಮೀಟರು ಕೆಳಗೆ ಅಳೆದಾಗ ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರಿಗೂ ಹೆಚ್ಚು ಊದಿದ್ದರೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದೆಂಬ ಶಂಕೆಗೆ ಅದೊಂದು ಕಾರಣ. ಅಷ್ಟು ಊದದಿದ್ದರೂ ಹೆಪ್ಪು ಇರಬಹುದು. ನೋವೋ ಬಿಸಿಯೋ ಇದ್ದರೆ ಕಾಯಬಾರದು. ಎಣ್ಣೆ ಹಚ್ಚಿ ನೀವುವುದು ಖಂಡಿತ ಬೇಡ. ಅಂದೇ ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಆ ಕ್ಷಣವೇ.