ರಜೆಗೊಂದು ಪತ್ತೇದಾರಿ ಪುಸ್ತಕ

ಬೇಸಿಗೆಯ ಒಂದು ಸಂಜೆ ಅಕ್ಕಲಕೋಟೆಯ ಮನೆಯೊಂದಕ್ಕೆ ಹೋಗಿದ್ದೆವು. ಜಪಸರ ಮುಗಿಯಿತು. ಅಜ್ಜಿ ತಮ್ಮ ಹಳೆಯ ಜಪಪುಸ್ತಕವನ್ನು ಮೊಮ್ಮಗನ ಕೈಗಿಟ್ಟು ಕೊನೆಯ ಪ್ರಾರ್ಥನೆ ಓದಲು ಹೇಳಿದರು. ಎಂಟನೇ ಇಯತ್ತೆಯ ಹುಡುಗ ಪುಸ್ತಕ ನೋಡಿದ, ನಮ್ಮ ಮುಖ ನೋಡಿದ, ತಲೆ ತಗ್ಗಿಸಿದ.

"ಫಾದರ್, ಕನ್ನಡ ಪಟಪಟಾ ಮಾತಾಡ್ತಾನ್ರೀ. ಓದಾಕ ಅಷ್ಟ ಬರಂಗಿಲ್ಲ" ಎಂದು ಅಜ್ಜಿಯೇ ಅವನ ಪರವಾಗಿ ಹೇಳಿದರು.

ಸೊಲ್ಲಾಪುರ, ಅಕ್ಕಲಕೋಟೆಯ ಅನೇಕ ಕನ್ನಡ ಮನೆಗಳ ಕಥೆ ಇದೇ. ತಾಲ್ಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ, ನಿಜ. ಆದರೆ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಸೇರಿದ ಮಗುವಿಗೆ ಕನ್ನಡ ನಾಲಿಗೆಯ ಮೇಲೆ ಉಳಿಯುತ್ತದೆ, ಕಣ್ಣಿಗೆ ದಕ್ಕುವುದಿಲ್ಲ. ಅಜ್ಜಿ ಹೋದ ದಿನ ಆ ಜಪಪುಸ್ತಕವೂ ಮನೆಯಲ್ಲಿ ಮೂಕವಾಗುತ್ತದೆ.

ನೀನು ಓದುವುದಾದರೂ ಏನು ಎಂದು ಹುಡುಗನನ್ನು ಕೇಳಿದೆವು. ಒಳಗೆ ಓಡಿ ಹೋಗಿ ಒಂದು ಮರಾಠಿ ಪುಸ್ತಕ ತಂದ. ಭಾ. ರಾ. ಭಾಗವತರ 'ಫಾಸ್ಟರ್ ಫೇಣೆ'! ಫುರಸುಂಗಿಯಿಂದ ಪುಣೆಗೆ ಓದಲು ಬಂದ ಬನೇಶ ಫೇಣೆ ಎಂಬ ಪೋರ ಕಳ್ಳಕಾಕರ ಬೆನ್ನು ಹತ್ತುವ ಕಥೆಗಳು. "ಭಾರೀ ಮಜಾ ಐತ್ರೀ ಫಾದರ್" ಎಂದ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ: "ಬರೇ ಕಳ್ಳರ ಕಥಿ ಓದ್ತಾನ್ರೀ, ನೀವಾರ ಸ್ವಲ್ಪ ಬುದ್ಧಿ ಹೇಳ್ರಿ."

ನಾವು ಬುದ್ಧಿ ಹೇಳಲಿಲ್ಲ. ಕಳ್ಳರ ಕಥೆಗಳನ್ನು ನಾವೂ ಬಹಳ ಓದಿದ್ದೇವೆ, ಗುರುಮಠದಲ್ಲಿ ದೈವಶಾಸ್ತ್ರದ ದಪ್ಪ ಪುಸ್ತಕದ ನಡುವೆ ಇಟ್ಟುಕೊಂಡು ಕೂಡ. ಅಷ್ಟೇ ಅಲ್ಲ, ಈ ವಿಷಯದಲ್ಲಿ ನಮ್ಮ ಧರ್ಮಸಭೆಯ ಹಿರಿಯರೇ ನಮಗೆ ಬೆಂಬಲವಾಗಿದ್ದಾರೆ. ಇಂಗ್ಲೆಂಡಿನ ಜಿ. ಕೆ. ಚೆಸ್ಟರ್‌ಟನ್ ಅವರ 'ಫಾದರ್ ಬ್ರೌನ್' ಕಥೆಗಳ ಮೊದಲ ಸಂಕಲನ ಬಂದದ್ದು 1911ರಲ್ಲಿ. ಕುಳ್ಳಗೆ, ದುಂಡಗೆ, ಕೈಯಲ್ಲೊಂದು ದೊಡ್ಡ ಕೊಡೆ ಹಿಡಿದು ಪೆದ್ದನಂತೆ ಕಾಣುವ ಗುರು ಈ ಫಾದರ್ ಬ್ರೌನ್. ಮೊದಲ ಕಥೆಯಲ್ಲಿ ಅವರು ನೀಲಮಣಿಯ ಶಿಲುಬೆಯೊಂದನ್ನು ಕೊಂಡೊಯ್ಯುತ್ತಿರುತ್ತಾರೆ. ಫ್ಲಾಂಬೋ ಎಂಬ ಹೆಸರಾಂತ ಕಳ್ಳ ತಾನೂ ಗುರುವಿನ ವೇಷ ಹಾಕಿಕೊಂಡು ಜೊತೆಗೆ ಹೊರಡುತ್ತಾನೆ. ಅವನು ನಿಜವಾದ ಗುರುವಲ್ಲ ಎಂದು ಫಾದರ್ ಬ್ರೌನ್‌ಗೆ ಹೇಗೆ ತಿಳಿಯಿತು? ಅದನ್ನು ಹೇಳಿಬಿಟ್ಟರೆ ನೀವು ನಮ್ಮನ್ನು ಕ್ಷಮಿಸುವುದಿಲ್ಲ. ಗುರುಮಠದಲ್ಲಿ ಓದಿದ ಯಾರಿಗಾದರೂ ಆ ಉತ್ತರ ಕಂಡು ನಗು ಬರುತ್ತದೆ ಎಂದಷ್ಟೇ ಹೇಳುತ್ತೇವೆ.

ಈ ಪಾತ್ರ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಬ್ರ್ಯಾಡ್‌ಫರ್ಡ್ ಕಡೆಯ ಫಾದರ್ ಜಾನ್ ಓಕಾನರ್ ಎಂಬ ಗುರು ಚೆಸ್ಟರ್‌ಟನ್ನರ ಗೆಳೆಯರು. ಒಮ್ಮೆ ಜೊತೆಯಾಗಿ ನಡೆದು ಹೋಗುತ್ತಿದ್ದಾಗ, ಮನುಷ್ಯನ ಕೇಡಿನ ಬಗ್ಗೆ ಈ ಸಾಧು ಗುರುವಿಗೆ ತಮಗಿಂತ ಎಷ್ಟೋ ಹೆಚ್ಚು ಗೊತ್ತಿದೆ ಎಂದು ತಿಳಿದು ಚೆಸ್ಟರ್‌ಟನ್ ಬೆರಗಾದರು. ಅದೇ ದಿನ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು, ಗುರುಗಳಿಗೆ ಪಾಪ ಲೋಕದ ಕೆಟ್ಟತನವೇ ತಿಳಿಯದು ಎಂದು ಮರುಗಿದರಂತೆ! ಪಾಪನಿವೇದನೆಯ ಪೀಠದಲ್ಲಿ ಕುಳಿತು ಅಭ್ಯಾಸವಿರುವ ನಮಗೆ ಇದನ್ನು ಓದಿದಾಗ ನಗು ಬಂತು, ಒಳಗೆ ಸ್ವಲ್ಪ ನೋವೂ ಆಯಿತು. ಫಾದರ್ ಬ್ರೌನ್ ಕಳ್ಳನನ್ನು ಹಿಡಿದು ಅಷ್ಟಕ್ಕೇ ಬಿಡುವುದಿಲ್ಲ, ಅವನನ್ನು ಉಳಿಸಿಕೊಳ್ಳುತ್ತಾರೆ. ಫ್ಲಾಂಬೋ ಮುಂದೆ ಕಳ್ಳತನ ಬಿಟ್ಟು ಅವರ ಗೆಳೆಯನಾಗುತ್ತಾನೆ. ಓಕಾನರ್ ಅವರೇ 1922ರಲ್ಲಿ ಚೆಸ್ಟರ್‌ಟನ್ನರನ್ನು ಕಥೋಲಿಕ ಧರ್ಮಸಭೆಗೆ ಬರಮಾಡಿಕೊಂಡರು.

ಮತ್ತೊಬ್ಬ ಗುರು ರೊನಾಲ್ಡ್ ನಾಕ್ಸ್. ಇಡೀ ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದವರು. ಅದೇ ಕೈಯಿಂದ ಪತ್ತೇದಾರಿ ಕಾದಂಬರಿಗಳನ್ನೂ ಬರೆದರು. ಇಂಥ ಕಥೆ ಬರೆಯುವವರಿಗಾಗಿ 1929ರಲ್ಲಿ 'ಹತ್ತು ಕಟ್ಟಳೆ'ಗಳನ್ನೇ ಕೊಟ್ಟರು: ದೆವ್ವಭೂತದಿಂದ ಗಂಟು ಬಿಡಿಸಬಾರದು, ಪತ್ತೇದಾರನೇ ಅಪರಾಧಿಯಾಗಬಾರದು, ಸುಳಿವನ್ನು ಓದುಗನಿಂದ ಮುಚ್ಚಿಡಬಾರದು, ಹೀಗೆ. ಮೋಶೆಯ ಪ್ರವಾದಿಯ ಹತ್ತರಷ್ಟು ತೂಕ ಇವಕ್ಕಿಲ್ಲ, ಹಾಗೆಯೇ ಇವನ್ನು ಮುರಿದರೆ ಪಾಪನಿವೇದನೆಯೂ ಬೇಕಿಲ್ಲ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಎನ್. ನರಸಿಂಹಯ್ಯನವರ ಹೆಸರು ಕೇಳದ ಹಿರಿಯರು ಕಡಿಮೆ. ಶಾಲೆಯಲ್ಲಿ ಹೆಚ್ಚು ಕಲಿಯದ ಈ ಬಡವರ ಮಗ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಒಂದು ಪೀಳಿಗೆಯೇ ಓಡಿತು. ಪಂಡಿತರು ಮೂಗು ಮುರಿದರು. ಆದರೆ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ನಿಂತು ಕನ್ನಡ ಓದುವ ಚಟ ಹತ್ತಿಸಿಕೊಂಡ ಎಷ್ಟೋ ಮಂದಿಗೆ ಅವರೇ ಗುರುಗಳು. 2011ರಲ್ಲಿ ತೀರಿಕೊಂಡರು. ಕನ್ನಡಿಗರ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದನ್ನು ಎಷ್ಟು ಜನ ಬಲ್ಲರು? 'ಬಂಗಾರದ ಮನುಷ್ಯ' ಬರೆದ ಟಿ. ಕೆ. ರಾಮರಾಯರಂತೂ ಈ ದಾರಿಯಲ್ಲಿ ಪಳಗಿದವರು. ಎಲ್ಲವೂ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಕೆಲವು ಅಗ್ಗದ ಪುಸ್ತಕಗಳ ಮುಖಪುಟ ನೋಡಿಯೇ ಕೆಳಗಿಡಬೇಕು. ತಂದೆತಾಯಿಗಳು ಮೊದಲು ತಾವು ಓದಲಿ, ಅವರಿಗೂ ಒಂದಿಷ್ಟು ಮಜಾ ಸಿಗಲಿ.

ಒಂದೇ ಪುಸ್ತಕ ಹೇಳಿ ಎಂದರೆ ನಾವು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' (1980). ಕೊಲೆಯಿಲ್ಲ, ಪೊಲೀಸರ ಗಲಾಟೆ ಸ್ವಲ್ಪವಿದೆ, ಹಿಡಿಯಬೇಕಾದದ್ದು ಕಳ್ಳನನ್ನಲ್ಲ, ಒಂದು ಹಾರುವ ಓತಿಯನ್ನು. ಅದರ ವಿಜ್ಞಾನಿಗೆ ನಮ್ಮ ಕ್ರೈಸ್ತ ಮನೆಗಳಲ್ಲಿ ಕೇಳಿಬರುವ ಹೆಸರು. ಊರವರು ಯಾವುದಕ್ಕೂ ಬಾರದವನೆಂದು ಎಣಿಸಿದ ಮಂದಣ್ಣನಲ್ಲಿ ಕರ್ವಾಲೋ ಒಬ್ಬ ಪ್ರಕೃತಿ ವಿಜ್ಞಾನಿಯನ್ನು ಕಾಣುತ್ತಾರೆ. ಕಾಲೇಜಿನ ಮಕ್ಕಳಿಗಾದರೆ ಅವರದೇ 'ಚಿದಂಬರ ರಹಸ್ಯ' ಆಗಬಹುದು. ನಗಿಸುತ್ತ ಹೋಗಿ ಕೊನೆಗೆ ಎದೆ ಝಲ್ಲೆನಿಸುತ್ತದೆ. ಬರೀ ನಗಬೇಕೆಂದರೆ ಬೀಚಿಯವರ ತಿಂಮನಿದ್ದಾನೆ, ಅವನ ಕೆಲವು ಮಾತುಗಳನ್ನು ದೇವಾಲಯದ ಅಂಗಳದಲ್ಲಿ ಹೇಳುವಂತಿಲ್ಲ ಅಷ್ಟೇ. ಪುಟ್ಟ ಮಕ್ಕಳಿಗೆ ನಮ್ಮವರೇ ಆದ ಸಾಗರದ ನಾ. ಡಿಸೋಜರ ಪುಸ್ತಕಗಳನ್ನು ಹುಡುಕಿರಿ.

ಸೊಲ್ಲಾಪುರದಲ್ಲಿ ಕನ್ನಡ ಪುಸ್ತಕ ಬೇಕಾದಷ್ಟು ಸಿಗುವುದಿಲ್ಲ ಎನ್ನುತ್ತೀರಿ. ಮದುವೆಗೆಂದು ಕಲಬುರಗಿಗೋ ವಿಜಯಪುರಕ್ಕೋ ಹೋಗುವವರು ಸೀರೆಯ ಜೊತೆ ಎರಡು ಪುಸ್ತಕ ತಂದರೆ ಚೀಲವೇನೂ ಭಾರವಾಗದು. ಲಿಪಿ ಬೇರೆಯಾದರೂ ಮರಾಠಿ ಕಲಿತ ಮಗುವಿಗೆ ಅ ಆ ಇ ಈ ಸಾಲು ಹೊಸದಲ್ಲ. ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡವನ್ನು ಆಮೇಲೆ ಕಲಿತು ಕಾವ್ಯ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಅಕ್ಕಲಕೋಟೆಯ ಆ ಮನೆಗೆ 'ಕರ್ವಾಲೋ' ಕಳಿಸಿಕೊಟ್ಟೆವು. ಮೊದಮೊದಲು ರಾತ್ರಿ ಅಜ್ಜಿ ಓದುವುದು, ಹುಡುಗ ಕೇಳುವುದು. ಬರಬರುತ್ತ ಅವನೇ ಬೆರಳಿಟ್ಟು ಓದತೊಡಗಿದ, ಒತ್ತಕ್ಷರ ಬಂದಲ್ಲಿ ಅಜ್ಜಿಯ ಕಡೆ ನೋಡುತ್ತಾನಂತೆ. ಮೊನ್ನೆ ಪೂಜೆ ಮುಗಿದ ಮೇಲೆ ನಮ್ಮ ಬಳಿ ದೂರು ತಂದ: "ಫಾದರ್, ಅಜ್ಜಿ ಮಧ್ಯಾಹ್ನ ಒಬ್ಬಾಕಿನ ಕುಂತು ಪೂರಾ ಓದಿ ಮುಗಿಸ್ಯಾಳ್ರೀ. ಓತಿ ಸಿಕ್ಕಿತೇನು ಅಂತ ಕೇಳಿದರ ಹೇಳವಲ್ಲಳು."