ಅರ್ಜಿಯಲ್ಲಿ ಬರೆದ ಹೆಸರು ಸರ್ವರಿನಲ್ಲಿ ತುಂಡಾಗುವ ಬಗೆ

ವರ್ತಕ ನಗರ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮ ಹೋಟೆಲು ಕೆಲಸಗಾರರೂ ಗುಮಾಸ್ತರೂ ಈಗ ಊರಿನ ಕಾಗದಪತ್ರಗಳಿಗಾಗಿ ಮೊಬೈಲಿನಲ್ಲಿಯೇ ಅರ್ಜಿ ತುಂಬುವವರಾಗಿದ್ದಾರೆ. ಲಕ್ಷ್ಮೀನಾರಾಯಣ ಎಂದು ಬರೆದು ಕಳುಹಿಸಿದವನ ರಸೀದಿಯಲ್ಲಿ 'ಲಕ್ಷ್ಮೀನಾರ' ಎಂದಷ್ಟೇ ಬಂದರೆ, ಹೆಸರು ದಾಖಲೆಯೊಡನೆ ಹೊಂದದೆ ಆತನು ಸಂಬಳ ಕಳೆದುಕೊಂಡು ಕಚೇರಿಗೆ ಅಲೆಯಬೇಕಾಗುವುದು. ತಪ್ಪು ಬರೆದವನದಲ್ಲ, ಅರ್ಜಿಯನ್ನು ಬಿಚ್ಚಿ ಓದುವ ಸರ್ವರಿನ ಏರ್ಪಾಡಿನದು.

೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರೂಪಿಸಿದ ಯುಟಿಎಫ್-೮ ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರವೊಂದಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ಕಾಗುಣಿತದ ಗುರುತುಗಳೂ ಒತ್ತಕ್ಷರವನ್ನು ಮೂಡಿಸುವ ಅರ್ಧಾಕ್ಷರ ಚಿಹ್ನೆಗಳೂ ಸೇರಿ ಲಕ್ಷ್ಮೀನಾರಾಯಣ ಎಂಬುದರಲ್ಲಿ ೧೩ ಸಂಕೇತಗಳು, ಅಂದರೆ ೩೯ ಬೈಟುಗಳು. ಸಾಮಾನ್ಯ ಫಾರಮು ಹೊರಡುವಾಗ ಈ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಹಾಗೂ ಎರಡು ಅಂಕಾಕ್ಷರಗಳಾಗಿ ಹಿಗ್ಗಿ, ಒಟ್ಟು ೧೧೭ ಆಗುತ್ತದೆ. ಇಂಗ್ಲಿಷ್ ಹೆಸರನ್ನೇ ಮನಸ್ಸಿನಲ್ಲಿಟ್ಟು ೩೦ ಬೈಟುಗಳ ಮಿತಿ ಹಾಕಿದಲ್ಲಿ ಹತ್ತೇ ಸಂಕೇತಗಳು ಉಳಿಯುವುವು. ಮಿತಿ ೩೨ ಆಗಿದ್ದರಂತೂ ಕತ್ತರಿಯು ಸಂಕೇತದ ನಡುವೆಯೇ ಬಿದ್ದು, ಕೊನೆಯಲ್ಲೊಂದು ಪ್ರಶ್ನಾರ್ಥಕ ಗುರುತು ಕಾಣಿಸಿಕೊಳ್ಳಬಹುದು.

ಬಿಚ್ಚುವ ಕ್ರಮವೂ ಮುಖ್ಯ. ಕೆಲವು ಆ್ಯಪುಗಳು ಅರ್ಜಿಯನ್ನು ಜಿಜಿಪ್ ವಿಧಾನದಿಂದ ಅಡಕಗೊಳಿಸಿ ಕಳುಹಿಸುತ್ತವೆ. ಸರ್ವರು ಮೊದಲು ಆ ಅಡಕವನ್ನು ಬಿಡಿಸಬೇಕು. ಅನಂತರ ಹೆಸರು, ಊರು ಮುಂತಾದ ಅಂಕಣಗಳನ್ನು ಬೇರ್ಪಡಿಸಬೇಕು. ಆ ಬಳಿಕವೇ ಶೇಕಡಾ ಸಂಕೇತಗಳನ್ನು ಬೈಟುಗಳಾಗಿಯೂ ಬೈಟುಗಳನ್ನು ಅಕ್ಷರಗಳಾಗಿಯೂ ಓದಬೇಕು. ಅಂಕಣ ಬೇರ್ಪಡಿಸುವ ಮೊದಲೇ ಶೇಕಡಾ ಸಂಕೇತಗಳನ್ನು ಬಿಡಿಸಿದರೆ, ಅಂಗಡಿಯ ಹೆಸರಿನಲ್ಲಿ 'ಸನ್ಸ್' ಎಂಬುದರ ಹಿಂದೆ ನಿಲ್ಲುವ 'ಆ್ಯಂಡ್' ಚಿಹ್ನೆಯು ಅಂಕಣದ ಗಡಿಯೆಂದು ಗಣಿಸಲ್ಪಟ್ಟು ಹೆಸರು ಎರಡಾಗುವುದು!

ಅಡಕಗೊಂಡ ಪುಟ್ಟ ಗಂಟು ಬಿಚ್ಚಿದೊಡನೆ ಸಾವಿರ ಪಟ್ಟು ಹಿಗ್ಗಲೂಬಹುದು. ಕೇಡಿಗರಿಗೆ ಅದೂ ಒಂದು ಆಯುಧ. ಆದುದರಿಂದ ಗಾತ್ರವನ್ನು ಬಿಚ್ಚಿದ ರೂಪದಲ್ಲಿಯೇ ಅಳೆಯಬೇಕು. ಎಕ್ಸ್‌ಪ್ರೆಸ್ ಎಂಬ ಲೈಬ್ರರಿಯ ಕ್ರಮ ಅಂತಹುದೇ. ಬೇರೆ ಹೇಳದಿದ್ದರೆ ಅದರ ಮಿತಿ ೧೦೦ ಕಿಲೋಬೈಟು. ಮೀರಿದ ಅರ್ಜಿಗೆ ೪೧೩, ತಾನರಿಯದ ಅಡಕಕ್ಕೆ ೪೧೫ ಎಂಬ ನಿರಾಕರಣೆಯ ಉತ್ತರ ಬರುತ್ತದೆ. ಸದ್ದಿಲ್ಲದೆ ಹೆಸರನ್ನು ಕತ್ತರಿಸುವುದಕ್ಕಿಂತ ಈ ನಿರಾಕರಣೆಯೇ ಲೇಸೆಂದು ನಾವು ತಿಳಿಯುತ್ತೇವೆ. ಅರ್ಜಿದಾರನಿಗೆ ವಿಷಯವು ಅಂದೇ ತಿಳಿಯುವುದಷ್ಟೆ.

ಇಂತಹ ಪ್ರೋಗ್ರಾಮು ಬರೆಯುವ ತರುಣರು ನಮ್ಮ ವಾಚಕರ ಮನೆಗಳಲ್ಲಿಯೂ ಇದ್ದಾರೆ. ಅವರು ಪರೀಕ್ಷೆಗೆ ಲಕ್ಷ್ಮೀನಾರಾಯಣನನ್ನೇ ಕಳುಹಿಸಿ ನೋಡಲಿ. 'ರಾಮ' ಎಂಬುದು ೯ ಬೈಟುಗಳಲ್ಲಿ ಮುಗಿಯುವ ಹೆಸರು; ಆ ೩೦ರ ಮಿತಿಯಲ್ಲಿಯೂ ಅದು ನಿರಾತಂಕವಾಗಿ ದಾಟಿಹೋಗುತ್ತದೆ.