ತೇಲುವ ದೀಪಗಳು

ಜಪಾನ್ ದೇಶದಲ್ಲಿ ಪಿತೃಗಳನ್ನು ನೆನೆಯುವ ಹಬ್ಬವೊಂದುಂಟು. ಅದರ ಹೆಸರು ಓಬೊನ್. ಈ ಹೆಸರಿನ ಮೂಲವು ಸಂಸ್ಕೃತದ ‘ಉಲ್ಲಂಬನ’ವೆಂದು ಬೌದ್ಧ ಸಂಪ್ರದಾಯವು ಹೇಳುತ್ತದೆ. ಬುದ್ಧನ ಶಿಷ್ಯನಾದ ಮೌದ್ಗಲ್ಯಾಯನನು ಪ್ರೇತಲೋಕದಲ್ಲಿ ಹಸಿವಿನಿಂದ ಬಳಲುತ್ತಿದ್ದ ತಾಯಿಯನ್ನು ಕಂಡು, ಗುರುವಿನ ಮಾತಿನಂತೆ ಭಿಕ್ಷುಸಂಘಕ್ಕೆ ದಾನವಿತ್ತು ಆಕೆಯನ್ನು ಬಿಡಿಸಿದನೆಂಬ ಕಥೆಯೇ ಅದಕ್ಕೆ ಆಧಾರ. ಹಬ್ಬದ ದಿನಗಳಲ್ಲಿ ಹಿರಿಯರ ಆತ್ಮಗಳು ಮನೆಗೆ ಬರುವುವೆಂದೂ, ಕಡೆಯಲ್ಲಿ ಅವುಗಳನ್ನು ಬೆಳಕು ತೋರಿಸಿ ಬೀಳ್ಕೊಡಬೇಕೆಂದೂ ಅಲ್ಲಿಯ ಜನರ ನಂಬಿಕೆ. ಅನೇಕ ಊರುಗಳಲ್ಲಿ ಆ ದೀಪವನ್ನು ಹೊಳೆಯಲ್ಲಿಯೋ ಕಡಲಿನಲ್ಲಿಯೋ ತೇಲಿಬಿಡುವರು. ಇದೇ ‘ತೋರೋ ನಗಾಶಿ’. ತೋರೋ ಎಂದರೆ ದೀಪದ ಗೂಡು. ನಗಾಶಿ ಎಂದರೆ ಹರಿಯಬಿಡುವುದು.

ಗೂಡಿನ ರಚನೆ ಸರಳವಾದುದು. ತೆಳುವಾದ ಮರದ ಅಡಿ, ಸುತ್ತಲೂ ಕಾಗದ, ನಡುವೆ ಒಂದು ಮೇಣದ ಬತ್ತಿ. ಕಾಗದದ ಮೇಲೆ ಮೃತರ ಹೆಸರನ್ನು ಬರೆಯುವುದುಂಟು.

ಈ ವಿಧಿಯನ್ನು ನಡೆಸತಕ್ಕವರು ಮನೆಯವರು. ಮನೆಗೆ ಮನೆಯೇ ಇಲ್ಲವಾದರೆ ನಡೆಸುವವರಾರು? ಹಿರೋಷಿಮಾ ನಗರವು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. 1945ನೆಯ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಮೆರಿಕದ ವಿಮಾನವೊಂದು ಅದರ ಮೇಲೆ ಪರಮಾಣು ಬಾಂಬನ್ನು ಹಾಕಿತು. ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಜನರು ಮಡಿದರೆಂದು ಅಂದಾಜು. ಅವರಲ್ಲಿ ಕೊರಿಯಾ ದೇಶದವರೂ ಇದ್ದರು. ಓಟಾ ನದಿಯು ಈ ನಗರದಲ್ಲಿ ಹಲವು ಕವಲುಗಳಾಗಿ ಹರಿಯುತ್ತದೆ. ಮೈಸುಟ್ಟವರು ನೀರನ್ನು ಬಯಸಿ ಅವುಗಳಿಗೆ ಇಳಿದರು. ಅನೇಕರು ಅಲ್ಲಿಯೇ ಪ್ರಾಣಬಿಟ್ಟರು. ಗುರುತು ಸಿಕ್ಕದ, ಕೇಳಿಕೊಂಡು ಬರುವವರಿಲ್ಲದ ಸುಮಾರು 70,000 ಜನರ ಚಿತಾಭಸ್ಮವು ಅಲ್ಲಿಯ ಶಾಂತಿ ಉದ್ಯಾನದ ದಿಬ್ಬವೊಂದರಲ್ಲಿ ಇಂದಿಗೂ ಇದೆ.

ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ಆಗಸ್ಟ್ 6ರ ಸಂಜೆ ಆ ನದಿಯಲ್ಲಿ ದೀಪ ಬಿಡುವ ವಾಡಿಕೆಯು ಬೆಳೆಯಿತು. ಬಾಂಬಿಗೆ ಸಿಕ್ಕಿಯೂ ಉಳಿದ ಗುಮ್ಮಟವೊಂದು ದಡದಲ್ಲಿದೆ. ಅದರ ಕೆಳಗೆ ಮೊತೊಯಾಸು ಎಂಬ ಕವಲಿನಲ್ಲಿ ಸಾವಿರಾರು ಗೂಡುಗಳು ತೇಲುತ್ತವೆ. ಅವುಗಳನ್ನು ಬಿಡುವವರು ಮೃತರ ಬಂಧುಗಳಷ್ಟೇ ಅಲ್ಲ. ಅವರನ್ನು ಕಾಣದವರು, ಪರದೇಶದವರು ಸಹ. ಹೆಸರುಗಳ ಜೊತೆಗೆ ಶಾಂತಿಯ ಹಾರೈಕೆಗಳೂ ನಾನಾ ಭಾಷೆಗಳಲ್ಲಿ ಕಾಗದದ ಮೇಲೆ ಕಾಣುತ್ತವೆ.

ಜಪಾನಿನ ಸೇನೆಯೂ ಆ ಕಾಲದಲ್ಲಿ ನೆರೆಯ ನಾಡುಗಳನ್ನು ಸುಟ್ಟಿತ್ತೆಂಬುದನ್ನು ನಾವು ಮರೆಯಲಾಗದು. ದೀಪವನ್ನು ತೇಲಿಸಿದ ಮಾತ್ರಕ್ಕೆ ಅಸ್ತ್ರಗಳು ಅಡಗುವುದೂ ಇಲ್ಲ. ಆದರೆ ತನ್ನವರಲ್ಲದವರ ಸಾವಿಗೆ ತಾನೂ ಬಾಧ್ಯನೆಂದು ಭಾವಿಸಿ ಒಬ್ಬನು ನೀರಿನ ಬಳಿಗೆ ಬಂದರೆ, ಶಾಂತಿಯ ಮೊದಲ ಕೆಲಸ ಅಲ್ಲಿ ನಡೆದಂತೆಯೇ ಎಂದು ನಾವು ತಿಳಿಯುತ್ತೇವೆ. ಕೊನೆಗೆ, ತೇಲಿಹೋದ ಗೂಡುಗಳನ್ನು ಕೆಳಗಡೆ ಒಟ್ಟುಮಾಡಿ ತೆಗೆಯುವರು. ಹೊಳೆಯು ಮರುದಿನ ಎಂದಿನಂತೆ ಹರಿಯುತ್ತದೆ.